ಬಾಲು ಕೆಡಿಸಿದ ಲ್ಯಾಪ್‌ಟಾಪು

ಸಾಗರದ ಬಾಲುವಿನ ಕೈಗೆ ಬಂದು ಮತ್ತೆ ಏಳದೇ ಹೋದ ಲ್ಯಾಪ್‌ಟಾಪು ಅಂದರೆ ಭೂಮಿ ಹುಟ್ಟಿದಾಗಿನಿಂದ ಅದೊಂದೇ. ಮಿಕ್ಕವೆಲ್ಲ ಎದ್ದಿವೆ. ಬರಿದೇ ಎದ್ದದ್ದಲ್ಲ, ಎದ್ದು ಅವನ ಕಾಲಿಗೆ ಬಿದ್ದಿವೆ. ಹೊಸನಗರದ ಮೇಷ್ಟರೊಬ್ಬರ ಲ್ಯಾಪ್‌ಟಾಪು ಕೆರೆಗೆ ಬಿದ್ದು, ಎಂಟು ದಿನ ಮೀನುಗಳ ಜೊತೆ ಸಂಸಾರ ಹೂಡಿ, ಒಳಗೆ ಎರಡು ಮರಿಗಳನ್ನೂ ಸಾಕಿಕೊಂಡು ಬಂದಿತ್ತು. ಬಾಲು ಅದನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದ, ಎರಡು ಸಲ ಗದರಿದ, ಅದು ಪಟ್ಟನೆ ಬೆಳಕು ಬಿಟ್ಟು ಮೇಷ್ಟರನ್ನು ಹೆಸರು ಹಿಡಿದು ಕರೆಯಿತು. ತಾಳಗುಪ್ಪಕ್ಕೆ ರೈಲು ಬಿಟ್ಟಿರುವುದೇ ಬೆಂಗಳೂರಿನವರು ತಮ್ಮ ಕೆಟ್ಟ ಲ್ಯಾಪ್‌ಟಾಪುಗಳನ್ನು ಬಾಲುವಿಗೆ ತೋರಿಸಿಕೊಂಡು ಹೋಗಲಿ ಅಂತ. ಜೋಗ ನೋಡುವುದೆಲ್ಲ ಬರೀ ನೆಪ.

ಇದನ್ನೆಲ್ಲ ಹೇಳುತ್ತಿದ್ದವನು ಬಾಲುವೇ. ನಂಬುತ್ತಿದ್ದವನು ಪಕ್ಕದ ಕ್ಯಾಂಟೀನಿನ ಮಂಜುನಾಥ. ನಂಬಿ, ಅದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿ, ಇಡ್ಲಿಯ ಜೊತೆ ಊರಿಗೆಲ್ಲ ಬಡಿಸುತ್ತಿದ್ದವನೂ ಅವನೇ.

ಒಂದು ಗುಟ್ಟು ಮಾತ್ರ ಮಂಜುನಾಥನಿಗೂ ಗೊತ್ತಿರಲಿಲ್ಲ. ಬಾಲುವಿಗೆ ತೀರಾ ಬಗ್ಗದ ಯಂತ್ರಗಳು ಚೀಲದೊಳಗೆ ಕೂತು, ಬಸ್ಸು ಹತ್ತಿ, ತೀರ್ಥಹಳ್ಳಿಯ ಶ್ರೀನಾಥನ ಹತ್ತಿರ ಹೋಗುತ್ತಿದ್ದವು. ಶ್ರೀನಾಥನಿಗೆ ಸೂಕ್ಷ್ಮದರ್ಶಕವಿತ್ತು, ಇರುವೆಯ ಮೀಸೆಗೂ ಬೆಸುಗೆ ಹಾಕುವ ಕೈಯಿತ್ತು, ಬಾಯಿ ಮಾತ್ರ ಇರಲಿಲ್ಲ. ಹಾಗಾಗಿ ಹೆಸರೆಲ್ಲ ಬಾಲುವಿಗೆ ಬಂತು. “ತೀರ್ಥಹಳ್ಳೀಲಿ ಒಬ್ಬ ಇದಾನೆ, ಪಾಪ. ಆಗಾಗ ಹೋಗಿ ಕೆಲಸ ಹೇಳ್ಕೊಟ್ಟು ಬರ್ತೀನಿ” ಅಂತ ಬಾಲು ಊರಿಗೆ ಹೇಳಿದ್ದ.

ಡಿಸೆಂಬರಿನ ಒಂದು ಬೆಳಿಗ್ಗೆ ಹತ್ತು ಗಂಟೆ. ಐವತ್ತು ದಾಟಿದ ಗಂಡಸೊಬ್ಬ ಬಟ್ಟೆಚೀಲವನ್ನು ಎದೆಗೆ ಅವುಚಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ನಿಂತ.

“ಬಾಲು ಅಂದ್ರೆ ನೀವೇ ಅಲ್ದಾ?”

“ಮೂರು ತಾಲೂಕಿಗೆ ಬಾಲು ಅಂತ ಇರೋದು ಒಬ್ಬನೇ. ಮೇಲೆ ಬನ್ನಿ. ಎಲ್ಲಾಯ್ತು ನಿಮ್ಗೆ?”

“ಬ್ಯಾಕೋಡಿನ ಹತ್ರ. ಬೆಳ್ಳಪ್ಪ ಅಂತ. ಮೊದ್ಲು ಹಿನ್ನೀರು ದಾಟ್ಸೋ ಲಾಂಚಲ್ಲಿ ಹಗ್ಗ ಎಸೀತಿದ್ದೆ. ಈಗ ಸೇತುವೆ ಆತಲ್ಲ, ಸಿಕ್ಕಿದ ಕೆಲಸ.”

ಬೆಳ್ಳಪ್ಪ ಚೀಲದಿಂದ ತೆಗೆದದ್ದು ಒಂದು ಟವೆಲ್ಲು. ಟವೆಲ್ಲಿನೊಳಗೆ ಇನ್ನೊಂದು ಟವೆಲ್ಲು. ಅದರೊಳಗೆ ಒಂದು ಲ್ಯಾಪ್‌ಟಾಪು. ಸಣ್ಣದು, ಅಗ್ಗದ್ದು, ಮುಚ್ಚಳದ ಮೇಲೆ ಹೂವಿನ ಸ್ಟಿಕ್ಕರು.

“ಏಳಾದಿಲ್ಲ ಇದು” ಅಂದ ಬೆಳ್ಳಪ್ಪ. “ಮಗಳದ್ದು.”

ಬಾಲುವಿನ ಬಾಯಿ ಆಗ ಲಿಂಗನಮಕ್ಕಿ ಅಣೆಕಟ್ಟಿನ ಗೇಟು ಎತ್ತಿದ ಹಾಗೆ ತೆರೆಯಿತು. “ಇಷ್ಟೇನಾ? ಇದಕ್ಕೆ ಬ್ಯಾಕೋಡಿಂದ ಇಲ್ಲಿ ತನಕ ಬಂದ್ರಾ ಬೆಳ್ಳಪ್ಪಣ್ಣ? ಫೋನ್ ಮಾಡಿದ್ರೆ ಇಲ್ಲಿಂದ್ಲೇ ಒಂದು ಉಸುರು ಊದ್ತಿದ್ದೆ, ಅಲ್ಲಿ ಎದ್ದು ಕೂರ್ತಿತ್ತು. ಮಗಳಿಗೆ ಹೇಳಿ, ನಾಳೆ ಸಂಜೆ ಅವಳೇ ಬಂದು ತಗಂಡು ಹೋಗ್ಲಿ. ಹಾಳು ಮಾಡೋದು ಅವಳು, ಹೊರೋದು ಅಪ್ಪ! ಬರ್ಲಿ, ನಾಲ್ಕು ಬಯ್ಬೇಕು ನಾನು ಅವಳಿಗೆ.”

ಬೆಳ್ಳಪ್ಪ ಟವೆಲ್ಲನ್ನು ಮಡಚಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ.

“ಅವಳು ಇಲ್ಲ.”

“ಕಾಲೇಜಿಗೆ ಹೋಗಿದಾಳಾ?”

“ಹೋದ ಮಾರ್ಚಲ್ಲಿ ಮಂಗನ ಕಾಯಿಲೆ ಬಂತು. ಒಂಬತ್ತು ದಿನ ಜ್ವರ. ಹೋಗ್ಬಿಟ್ಲು. ಶಿಲ್ಪಶ್ರೀ ಅಂತ. ಡಿಗ್ರಿ ಕೊನೇ ವರ್ಷ.”

ಹುಟ್ಟಿದಾಗ ಅಳುವುದಕ್ಕೆ ತೆರೆದ ಬಾಯಿಯನ್ನು ಬಾಲು ಅವತ್ತಿನವರೆಗೆ ಮುಚ್ಚಿರಲಿಲ್ಲ ಅಂತ ಅವನ ತಾಯಿಯೇ ಹೇಳುತ್ತಿದ್ದಳು. ಆಗ ಮುಚ್ಚಿತು. ತಾನು ಈಗಷ್ಟೇ ಅಂದದ್ದು ಗೋಡೆಗೆ ತಾಗಿ ವಾಪಸು ಬಂದು ಅವನ ಕಿವಿಯಲ್ಲೇ ಕೂತ ಹಾಗಾಯಿತು. ಏನು ಮಾಡಲೂ ತೋಚದೆ ಅವನು ಚಾರ್ಜರು ಕೈಗೆತ್ತಿಕೊಂಡ.

ಚಾರ್ಜರು ಸರಿಯಿತ್ತು, ಅದರ ಪುಟ್ಟ ದೀಪ ಉರಿಯುತ್ತಿತ್ತು. ಲ್ಯಾಪ್‌ಟಾಪಿಗೆ ಚುಚ್ಚಿದ ಕೂಡಲೇ ದೀಪ ಆರಿತು. ತೆಗೆದರೆ ಹೊತ್ತಿತು, ಚುಚ್ಚಿದರೆ ಆರಿತು. ಇದು ಒಳ್ಳೆಯ ಲಕ್ಷಣವಲ್ಲ, ಒಳಗೆಲ್ಲೋ ಕರೆಂಟು ಅಡ್ಡದಾರಿ ಹಿಡಿದಿದೆ ಅಂತ ಬಾಲುವಿಗೆ ಗೊತ್ತಾಯಿತು. ಆದರೂ ಪವರ್ ಬಟನ್ನನ್ನು ಮೂವತ್ತು ಸೆಕೆಂಡು ಒತ್ತಿ ಹಿಡಿದ. ಬಿಟ್ಟು ಮತ್ತೆ ಒತ್ತಿದ. ಬೇರೆ ಪರದೆಗೆ ತಂತಿ ಕೊಟ್ಟು ನೋಡಿದ. ಫ್ಯಾನು ಸುತ್ತುವ ಸದ್ದಾದರೂ ಇದೆಯೋ ಅಂತ ಕಿವಿಯಿಟ್ಟ. ಕಲ್ಲಿಗೆ ಕಿವಿ ಕೊಟ್ಟಿದ್ದರೆ ಇನ್ನೂ ಏನಾದರೂ ಕೇಳುತ್ತಿತ್ತು.

“ಒಳಗೆ ಎಂತಾದ್ರೂ ಮುಖ್ಯದ್ದು ಇದ್ಯಾ?” ಅಂತ ಕೇಳಿದ.

“ಪಾಸ್‌ವರ್ಡು ನಮಗೆ ಗೊತ್ತಿಲ್ಲ. ಒಳಗೆ ಎಂತ ಇದ್ಯೋ ಅವಳಿಗೇ ಗೊತ್ತು” ಅಂದ ಬೆಳ್ಳಪ್ಪ. “ನಮಗೆ ಬೇಕಾದ್ದು ಹೊರಗಿನ ಫೋಟೋ. ಮುಚ್ಚಳ ತೆಗೆದು ಬಟನ್ ಒತ್ತಿದ್ರೆ ಪಾಸ್‌ವರ್ಡು ಕೇಳೋಕಿಂತ ಮೊದ್ಲು ಒಂದು ಫೋಟೋ ಬರ್ತಿತ್ತು ನೋಡಿ. ಇದರ ಕಣ್ಣಲ್ಲೇ ತೆಗೆದದ್ದು, ಯಾವ ಮೊಬೈಲಲ್ಲೂ ಇಲ್ಲ. ಅವಳು ನಾಲಿಗೆ ಹೊರಗೆ ಹಾಕಿ ಅಣಕಿಸ್ತಿದಾಳೆ. ಒಂದು ಕೈ ಹಿಂಗೆ ಮುಂದೆ ಚಾಚಿದಾಳೆ. ಹಿಂದೆ ಅವಳ ಅಬ್ಬೆ, ನಮ್ಮನೇಳು, ಕನ್ನಮ್ಮ, ಬಯ್ತಾ ನಿಂತಿದಾಳೆ. ತಾಯಿ ಮಗಳು ಒಟ್ಟಿಗೆ ಇರೋದು ಅದೊಂದೇ.”

ಅವನು ಹೇಳಿದ್ದು ಇಷ್ಟು. ಮಗಳು ಹೋದ ಮೇಲೆ ಕನ್ನಮ್ಮ ದಿನಾ ಸಂಜೆ ಆ ಮುಚ್ಚಳ ತೆಗೆಯುತ್ತಿದ್ದಳು. ಓದಲು ಬಾರದ ಹೆಂಗಸು. ಅವಳಿಗೆ ಬೇಕಾದ ಬಟನ್ನು ಒಂದೇ. ಫೋಟೋ ಬರುತ್ತಿತ್ತು, “ಎದ್ಲು” ಅನ್ನುತ್ತಿದ್ದಳು, ಎರಡು ನಿಮಿಷ ನೋಡಿ ಮುಚ್ಚಿ ಒಲೆ ಮುಂದೆ ಹೋಗುತ್ತಿದ್ದಳು. ದೀಪಾವಳಿಯ ದಿನದಿಂದ ಅದು ಏಳಲಿಲ್ಲ. ಅವತ್ತಿನಿಂದ ಕನ್ನಮ್ಮ ಗಂಜಿಯ ಬಟ್ಟಲನ್ನು ಕೈಗೆತ್ತಿಕೊಳ್ಳುತ್ತಾಳೆ, ಇಡುತ್ತಾಳೆ. ಕೈಬಳೆ ಮೊಣಕೈ ತನಕ ಜಾರುತ್ತದೆ.

ಬಾಲು ಲ್ಯಾಪ್‌ಟಾಪನ್ನು ಮಗುಚಿ ಹಾಕಿ ಸ್ಕ್ರೂ ಬಿಚ್ಚಿದ. ಹಿಂಬದಿಯ ತಗಡು ಎತ್ತಿದವನು, ಅಭ್ಯಾಸಬಲದಿಂದ ಕೂಗಿಯೇ ಬಿಟ್ಟ:

“ಅಯ್ಯೋ! ಕುಂಬಾರ ಹುಳ ಮನೆ ಕಟ್ಟಿದ್ಯಲ್ರೀ ಇದ್ರಲ್ಲಿ! ಮಣ್ಣೇ ಮಣ್ಣು! ಒಂದು ಗಾಡಿ ಮಣ್ಣು!”

ಒಂದು ಗಾಡಿಯಲ್ಲ, ಎರಡು ಚಮಚ. ಕೆಂಪು ಮಣ್ಣು ಕೀಲಿಗಳ ಸಂದಿನಿಂದ ಇಳಿದು ಬೋರ್ಡಿನ ಮೇಲೆ ಹರಿದು ಒಣಗಿ ಬಿರುಕು ಬಿಟ್ಟಿತ್ತು. ಅದರ ನಡುವೆ ಅಲ್ಲಲ್ಲಿ ಬಿಳಿ.

ಬೆಳ್ಳಪ್ಪ ಬಾಗಿಲ ಕಡೆ ನೋಡಿ ದನಿ ಇಳಿಸಿದ. “ಹುಳ ಅಲ್ಲ.”

ಆ ಸೀಮೆಯಲ್ಲಿ ದೀಪಾವಳಿ ಅಂದರೆ ದೊಡ್ಡಹಬ್ಬ. ಮನೆಯಲ್ಲಿ ದುಡಿಯುವ ಪ್ರತಿಯೊಂದಕ್ಕೂ ಅವತ್ತು ಗೌರವ. ನೇಗಿಲು, ನೊಗ, ಕತ್ತಿ, ಒನಕೆ, ಬಾಗಿಲ ಕಂಬ, ಎಲ್ಲದಕ್ಕೂ ಕೆಮ್ಮಣ್ಣು ಬಳಿದು ಮೇಲೆ ಬಿಳಿ ಜೇಡಿಯ ಬೊಟ್ಟು ಇಡುತ್ತಾರೆ. ಸಾವಾದ ಮನೆಗೆ ಮಾತ್ರ ಆ ವರ್ಷ ಹಬ್ಬವಿಲ್ಲ. ಬೆಳ್ಳಪ್ಪನ ಮನೆಯಲ್ಲೂ ಯಾವುದಕ್ಕೂ ಮಣ್ಣು ತಾಗಲಿಲ್ಲ.

“ಕನ್ನಮ್ಮಂಗೆ ತಡೆಯಕ್ಕಾಗ್ಲಿಲ್ಲ” ಅಂದ ಬೆಳ್ಳಪ್ಪ. “ನೇಗಿಲು ಬೋಳಾಗಿ ಇರ್ಲಿ, ಮಗಳು ದುಡಿದ ಸಾಮಾನು ಬೋಳಾಗಿ ಇರೋದು ಬ್ಯಾಡ ಅಂತ. ನಾನು ಹೊರಗೆ ಹೋದಾಗ ಕೆಮ್ಮಣ್ಣು ಕಲೆಸಿ ಬಳಿದಿದಾಳೆ. ಮಗಳು ಬೆರಳಿಡ್ತಿದ್ದ ಒಂದೊಂದು ಅಕ್ಷರಕ್ಕೂ ಜೇಡಿ ಬೊಟ್ಟು ಇಟ್ಟಿದಾಳೆ. ಹಬ್ಬ ಇಲ್ಲದ ಮನೇಲಿ ದೀಪ ಸಾಲು ಹಚ್ಚಂಗಿಲ್ಲ ಅಲ್ದಾ, ಚಾರ್ಜರಿನ ದೀಪನಾದ್ರೂ ಉರೀಲಿ ಅಂತ ಅದನ್ನೂ ಚುಚ್ಚಿದಾಳೆ. ಚುಚ್ಚಿದ್ದೇ ದೀಪ ನಂದಿ ಹೋತಂತೆ. ಹೊರಗಿಂದನ್ನ ಆಮೇಲೆ ನಾನೇ ಒರೆಸಿದ್ದು.”

ಬಾಲು ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ.

“ಮಾಡಬಾರದ ವರ್ಷದಲ್ಲಿ ಹಬ್ಬ ಮಾಡ್ದೆ, ಅದಕ್ಕೇ ಮಗಳು ಎರಡ್ನೇ ಸಲ ಹೋದ್ಲು ಅಂತ ಅವಳ ತಲೇಲಿ ಕೂತಿದೆ. ದಿನಾ ಕೇಳ್ತಾಳೆ, ನನ್ನ ಕೈಯಿಂದಾನೇ ಹೋತಾ ಅಂತ. ಅಲ್ಲ ಮಾರಾಯ್ತಿ, ಕರೆಂಟು ಹೆಚ್ಚು ಕಮ್ಮಿ ಆಗಿದ್ದು ಅಂದೆ. ನಂಬಾದಿಲ್ಲ. ರಿಪೇರಿಯೋರ ಬಾಯಲ್ಲೇ ಕೇಳ್ಬೇಕು ಅಂತ ಹಟ. ಶುಕ್ರವಾರ ಕರ್ಕಂಡು ಬರ್ತೀನಿ ತಮ್ಮ. ಅಷ್ಟ್ರಲ್ಲಿ ಎಬ್ಸು. ಎದ್ರೆ ಯಾವ ಮಾತೂ ಬೇಕಾಗಾದಿಲ್ಲ.”

“ಏಳ್ತದೆ” ಅಂದ ಬಾಲು. ಅವನ ಆಯುಷ್ಯದಲ್ಲೇ ಅಷ್ಟು ಚಿಕ್ಕ ಮಾತು ಆಡಿದ್ದು ಅದೇ ಮೊದಲು.

ಆವತ್ತು ಅವನು ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಮೆತ್ತನೆಯ ಹಲ್ಲುಜ್ಜುವ ಬ್ರಶ್ಶನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮಣ್ಣು ಬಿಡಿಸಿದ. ಅವನು ಉಜ್ಜಿದ ನಾಜೂಕಿಗೆ ಹೂವಿನ ಮೇಲಿನ ಇಬ್ಬನಿಯೂ ಅಲ್ಲಾಡುತ್ತಿರಲಿಲ್ಲ. ಬಂದ ಮಣ್ಣನ್ನು ಒರೆಸಿ ಬಿಸಾಡಲು ಮನಸ್ಸು ಬಾರದೆ ಒಂದು ಕಾಗದದ ಮೇಲೆ ಕೂಡಿಸಿಟ್ಟ. ಮಂಜುನಾಥ ಟೀ ಹಿಡಿದು ಬಂದವನು ಇಣುಕಿದ.

“ಎಂತದೋ ಬಾಲು, ಮಡಿಕೆ ಮಾಡ್ತಿದೀಯಾ? ಇದನ್ನ ಎಬ್ಬಿಸ್ಲಿಕ್ಕೆ ನಿಂಗೆ ಇಷ್ಟೊತ್ತು ಬೇಕಾ? ಕೆಮ್ಮಿದ್ರೆ ಏಳ್ಬೇಕಿತ್ತಲ್ಲ?”

“ಟೀ ಅಲ್ಲಿಟ್ಟು ಹೋಗು.”

ಮಂಜುನಾಥ ಹೋದ. ಬಾಲುವಿಗೆ ಹುಷಾರಿಲ್ಲ ಅಂತ ಅರ್ಧ ಗಂಟೆಯಲ್ಲಿ ಸಾಗರಕ್ಕೆಲ್ಲ ಗೊತ್ತಾಯಿತು.

ಮಣ್ಣು ಹೋದ ಮೇಲೆ ಬೋರ್ಡು ಹೊಳೆಯಿತು. ಬಾಲು ಮೀಟರಿನ ಎರಡು ಮುಳ್ಳು ಇಟ್ಟು ನೋಡಿದ. ಸುಮ್ಮನಿರಬೇಕಾದ ಕಡೆ ಮೀಟರು ಕೂಗಿತು. ಇನ್ನೊಂದು ಕಡೆ ಇಟ್ಟ, ಅಲ್ಲೂ ಕೂಗಿತು. ಊರಿನ ಕಾಗೆಗಳೆಲ್ಲ ಒಟ್ಟಿಗೆ ಅವನ ಮೇಜಿನ ಮೇಲೆ ಕೂತು ಕೂಗಿದ ಹಾಗೆ ಕೂಗಿತು.

ಗುರುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಾಲು ತೀರ್ಥಹಳ್ಳಿಗೆ ಹೊರಟ. ಬೆಳ್ಳಪ್ಪನ ಎರಡೂ ಟವೆಲ್ಲುಗಳಲ್ಲಿ ಲ್ಯಾಪ್‌ಟಾಪು ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಹೊಸನಗರದ ತನಕ ರಸ್ತೆಯ ಒಂದೊಂದು ಗುಂಡಿಯೂ ಬಾವಿಯಷ್ಟು ದೊಡ್ಡದಿತ್ತು. ಒಂದೊಂದಕ್ಕೂ ಅವನು ಲ್ಯಾಪ್‌ಟಾಪನ್ನು ತೊಡೆಯಿಂದ ಮೇಲೆತ್ತಿ ಹಿಡಿದ. ಪಕ್ಕದಲ್ಲಿ ಕೂತಿದ್ದ ಮುದುಕಿ, “ಮಗುವಾ?” ಅಂತ ಕೇಳಿದಳು. ಅವಳಿಗೆ ಕಣ್ಣು ಮಂಜು. “ಗಾಳಿ ತಾಗದ ಹಂಗೆ ಹೊದೆಸು ತಮ್ಮ” ಅಂದಳು. ಅವನು ಟವೆಲ್ಲು ಎಳೆದು ಹೊದೆಸಿದ.

ಶ್ರೀನಾಥ ಸೂಕ್ಷ್ಮದರ್ಶಕದ ಕೆಳಗೆ ಬೋರ್ಡು ಇಟ್ಟುಕೊಂಡು ಒಂದು ತಾಸು ತಲೆಯೆತ್ತಲಿಲ್ಲ. ಒಂದು ಕಡೆ ಬಿಸಿಗಾಳಿ ಹಿಡಿದು ಅಕ್ಕಿಕಾಳಿನಷ್ಟು ಸಣ್ಣದೊಂದನ್ನು ಕಿತ್ತ, ಹೊಸದು ಕೂರಿಸಿದ, ಅಳೆದ. ಮತ್ತೊಂದು ಕಿತ್ತ. ಬಾಲು ಹಿಂದೆ ನಿಂತು ಅವನ ಹೆಗಲ ಮೇಲಿಂದ ಉಸಿರು ಬಿಡುತ್ತಿದ್ದ.

ಕೊನೆಗೆ ಶ್ರೀನಾಥ ಕುರ್ಚಿ ಹಿಂದೆ ಸರಿಸಿದ. “ಹೋಯ್ತು ಬಾಲು.”

“ಇನ್ನೊಂದ್ಸಲ ನೋಡು ಮಾರಾಯ.”

“ಒದ್ದೆ ಮಣ್ಣಿರುವಾಗ್ಲೇ ಚಾರ್ಜರ್ ಕೊಟ್ಟಿದಾರೆ. ಚಾರ್ಜರಿನ ಕರೆಂಟು ನೇರ ಹೋಗಬಾರದ ಕಡೆ ಹೋಗಿದೆ.”

“ಲ್ಯಾಪ್‌ಟಾಪು ಸಾಯ್ಲಿ ಶ್ರೀನಾಥ. ಒಂದು ಫೋಟೋ ಇದೆ ಅದ್ರಲ್ಲಿ. ಡಿಸ್ಕು ತೆಗೆದು ಬೇರೆದಕ್ಕೆ ಹಾಕು.”

“ಡಿಸ್ಕು ಇದ್ರೆ ಅಲ್ದಾ ತೆಗಿಯೋದು? ಅಗ್ಗದ ಮಾಡೆಲ್ಲು. ಇಟ್ಟದ್ದೆಲ್ಲ ಇರೋದು ಈ ಒಂದು ಚಿಪ್ಪಲ್ಲಿ, ಅದನ್ನ ಬೋರ್ಡಿಗೇ ಬೆಸೆದಿದಾರೆ.” ಶ್ರೀನಾಥ ಬಾಲುವನ್ನು ಕೂರಿಸಿ ಕಣ್ಣಿಗೆ ತೋರಿಸಿದ. ಕಪ್ಪು ಚೌಕದ ನಟ್ಟನಡುವೆ ಸೂಜಿ ಚುಚ್ಚಿದ ಹಾಗೆ ಒಂದು ತೂತು, ಸುತ್ತ ಬೂದಿ ಬಣ್ಣ. “ಅದೇ ಸುಟ್ಟಿದೆ. ನಾನಲ್ಲ, ಇದನ್ನ ಮಾಡಿದೋನು ಬಂದ್ರೂ ಆಗ್ಲಿಕ್ಕಿಲ್ಲ.”

ಬಾಲು ಜಗಳಕ್ಕೇ ನಿಂತ. ನಿನಗೆ ಕೆಲಸ ಬರುವುದಿಲ್ಲ ಅಂದ, ನಿನ್ನ ಸೂಕ್ಷ್ಮದರ್ಶಕಕ್ಕೆ ಪೊರೆ ಬಂದಿದೆ ಅಂದ. ಶ್ರೀನಾಥ ಎಲ್ಲ ಕೇಳಿಸಿಕೊಂಡು, “ಯಾರದ್ದು ಇದು?” ಅಂದ.

“ಬ್ಯಾಕೋಡಿನೋರದ್ದು” ಅಂದ ಬಾಲು. ಆಮೇಲೆ ಕೂತು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಬೆವರು ಅಂತ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ತೀರ್ಥಹಳ್ಳಿಯಲ್ಲಿ ಅಷ್ಟು ಬೆವರಿದವನು ಬೇರೆ ಯಾರೂ ಇಲ್ಲ.

ಶುಕ್ರವಾರ ಬೆಳ್ಳಪ್ಪ ಮುಂದೆ, ಕನ್ನಮ್ಮ ಹಿಂದೆ ಬಂದರು. ಕನ್ನಮ್ಮ ಎಷ್ಟು ಬಡಕಲಾಗಿದ್ದಳು ಅಂದರೆ ಬಾಗಿಲಲ್ಲಿ ನಿಂತರೂ ಅಂಗಡಿಯೊಳಗಿನ ಬೆಳಕು ಒಂದಿಷ್ಟೂ ಕಮ್ಮಿಯಾಗಲಿಲ್ಲ. ಹಿಂದೆಯೇ ಟೀ ತಟ್ಟೆ ಹಿಡಿದು ಮಂಜುನಾಥನೂ ಬಂದ; ಹೋಗು ಅಂದರೂ ಹೋಗುವ ಜಾತಿಯವನಲ್ಲ.

ಬಾಲುವಿನ ಮುಖ ನೋಡಿದ ಕೂಡಲೇ ಬೆಳ್ಳಪ್ಪನಿಗೆ ಗೊತ್ತಾಯಿತು. ಅವನು ಗೋಡೆಗೆ ಒರಗಿದ.

“ಎದ್ದಿಲ್ಲ ಅಲ್ದಾ?” ಅಂದಳು ಕನ್ನಮ್ಮ.

“ಕೂತ್ಕಳಿ ಅಕ್ಕ.”

“ಕೂರಕ್ಕೆ ಬಂದಿದ್ದಲ್ಲ. ಎಂತಕ್ಕೆ ಹೋತು ಅಂತ ಹೇಳು. ಇವ್ರು ನಂಗೆ ಸುಳ್ಳು ಹೇಳ್ತಾರೆ.”

ಬಾಲು ತಯಾರಿ ಮಾಡಿಕೊಂಡಿದ್ದ. “ಕುಂಬಾರ ಹುಳ ಅಕ್ಕ. ಒಳಗೆ ಹೋಗಿ ಮಣ್ಣಿನ ಗೂಡು ಕಟ್ಟಿಬಿಟ್ಟಿದೆ. ನಮ್ಮ ಕಡೆ ಇದು ಎಲ್ಲರ ಮನೇಲೂ...”

ಕನ್ನಮ್ಮ ಮೇಜಿನ ಮೇಲೆ ಕಾಗದದಲ್ಲಿದ್ದ ಮಣ್ಣನ್ನು ನೋಡಿದಳು. ಬೆರಳಲ್ಲಿ ಒಂದು ಚೂರು ತೆಗೆದು ತಿಕ್ಕಿದಳು.

“ಕುಂಬಾರ ಹುಳ ಜೇಡಿ ಎಲ್ಲಿಂದ ತರ್ತದೆ ತಮ್ಮ? ಇದು ನಾ ಕಲೆಸಿದ್ದು.” ಬೆರಳನ್ನು ಸೆರಗಿಗೆ ಒರೆಸಿಕೊಂಡಳು. “ಹಂಗಾರೆ ನನ್ನ ಕೈಯಿಂದಾನೇ.”

ಬೆಳ್ಳಪ್ಪ ಗೋಡೆ ಬಿಟ್ಟು ಅವಳ ಹತ್ತಿರ ಬಂದ. ಮಂಜುನಾಥನೂ ಮಾತಾಡಲಿಲ್ಲ ಅಂದ ಮೇಲೆ ಮಿಕ್ಕವರ ಪಾಡು ಊಹಿಸಿಕೊಳ್ಳಿ.

“ಅಲ್ಲ” ಅಂದ ಬಾಲು.

ಎಲ್ಲರೂ ಅವನನ್ನು ನೋಡಿದರು.

“ಮಣ್ಣು ನಿಮ್ದೇ. ಮಣ್ಣಿಂದ ಎಂತದೂ ಆಗಿರ್ಲಿಲ್ಲ. ಮಣ್ಣು ತೊಳೆದೆ, ಒಣಗಿಸ್ದೆ, ಬಟನ್ ಒತ್ತಿದೆ, ಎದ್ದು ಕೂತ್ಕಂತು.”

“ಎದ್ದಿತ್ತಾ?”

“ಎದ್ದಿತ್ತು ಅಕ್ಕ. ಅಲ್ಲಿಗೆ ಬಿಡಬೇಕಿತ್ತು ನಾನು. ನಂಗೆ ಕೊಬ್ಬು. ಇನ್ನೂ ಜೋರಾಗಿ ಓಡ್ಲಿ, ಬಾಲು ಮಾಡಿದ್ದು ಅಂದ್ರೆ ಹಂಗಿರ್ಬೇಕು ಅಂತ ಬಿಸಿಗಾಳಿ ಮೆಷಿನ್ ಹಿಡಿದೆ. ಕೈ ಜಾರ್ತು. ಸುಟ್ಟು ಹಾಕ್ದೆ. ನಾನೇ.”

ಮಂಜುನಾಥ ಟೀ ತಟ್ಟೆಯನ್ನು ಮೇಜಿನ ಮೇಲೆ ಇಟ್ಟ.

ಕನ್ನಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ಫೋಟೋ ನೋಡಿದ್ಯಾ?”

“ನೋಡಿದೆ.”

“ಎಂತ ಇತ್ತು?”

“ನಿಮ್ಮ ಮಗಳು ಅಣಕಿಸ್ತಿದ್ಲು. ನಾಲಿಗೆ ಅಂದ್ರೆ ಇಷ್ಟುದ್ದ, ಮೂಗು ಮುಟ್ಟಿ ಹಣೆ ಮುಟ್ಟೋ ಅಷ್ಟು. ನೀವು ಹಿಂದೆ ನಿಂತು ಬಯ್ತಿದ್ರಿ. ಬಯ್ತಿದ್ದದ್ದು ಇಲ್ಲಿಗೂ ಕೇಳ್ತಿತ್ತು.”

“ನಾ ಎಂತ ಬಣ್ಣದ ಸೀರೆ ಉಟ್ಟಿದ್ದೆ?”

ಬೆಳ್ಳಪ್ಪ ಕಣ್ಣು ಮುಚ್ಚಿಕೊಂಡ. ಅದನ್ನು ಅವನು ಹೇಳಿರಲಿಲ್ಲ. ಬಾಲು ಹುಟ್ಟಿನಿಂದ ಹೇಳಿದ ಸುಳ್ಳುಗಳನ್ನು ಒಂದರ ಮೇಲೊಂದು ಇಟ್ಟರೆ ಕೊಡಚಾದ್ರಿ ಗಿಡ್ಡವಾಗುತ್ತದೆ. ಅಷ್ಟರಲ್ಲಿ ಒಂದೂ ಆಗ ಅವನ ಕೈಗೆ ಸಿಗಲಿಲ್ಲ. ಅವನು ಆ ಹೆಂಗಸಿನ ಮುಖ ನೋಡಿದ. ಆಮೇಲೆ ತನ್ನ ಕೈಯನ್ನು ನಿಧಾನವಾಗಿ ಮುಂದೆ ಚಾಚಿದ.

“ಸೀರೆ ಕಾಣ್ಲಿಲ್ಲ ಅಕ್ಕ. ಮಗಳು ಕೈ ಹಿಂಗೆ ಅಡ್ಡ ಹಿಡಿದಿದ್ಲು.”

ಕನ್ನಮ್ಮನ ಬಾಯಿ ಸ್ವಲ್ಪ ತೆರೆಯಿತು. “ಹೌದು” ಅಂದಳು. “ಅಡ್ಡ ಹಿಡಿದಿದ್ಲು. ಹೌದು.”

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಮೊದಲು ಅತ್ತಳು. ಸದ್ದಿಲ್ಲದೆ, ಬಹಳ ಹೊತ್ತು. ಬೆಳ್ಳಪ್ಪ ಟವೆಲ್ಲು ಕೊಟ್ಟ, ತಗೊಳ್ಳಲಿಲ್ಲ. ಆಮೇಲೆ ಅವಳಿಗೆ ಸಿಟ್ಟು ಬಂತು. ಬಂದದ್ದು ಅಂತಿಂಥ ಸಿಟ್ಟಲ್ಲ.

“ಎದ್ದು ಕೂತಿದ್ದ ಮಗೂನ ಕೊಂದ್ಯಲ್ಲೋ! ನಿನ್ನ ಕೈ ಸೇದಿ ಹೋಗ! ಬರದಿದ್ರೆ ಬರಾದಿಲ್ಲ ಅನ್ನಕ್ಕೆ ನಿಂಗೆಂತ ರೋಗ? ದೊಡ್ಡ ರಿಪೇರಿಯೋನಂತೆ! ಇವನ ಮುಖಕ್ಕೆ!”

“ಹೌದಕ್ಕ” ಅಂದ ಬಾಲು.

“ಹೌದಕ್ಕ ಅಂತೀಯಾ? ಅಕ್ಕ ಅಂತೆ! ನಿಂಗೆ ಅಕ್ಕ ಬೇರೆ ಕೇಡು!”

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಕನ್ನಮ್ಮ ಲ್ಯಾಪ್‌ಟಾಪನ್ನು ಅವನ ಮೇಜಿನಿಂದ ಕಿತ್ತುಕೊಂಡಳು, ಕಾಗದದಲ್ಲಿದ್ದ ಮಣ್ಣನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮೆಟ್ಟಿಲಿಳಿದಳು. ಇಳಿದವಳಿಗೆ ತಲೆ ಸುತ್ತಿ ಬಂತೋ ಏನೋ, ಮಂಜುನಾಥನ ಕ್ಯಾಂಟೀನಿನ ಬೆಂಚು ಹಿಡಿದು ಕೂತಳು. ಮಂಜುನಾಥ ಓಡಿ ಬಂದು ಕೇಳದೆಯೇ ಒಂದು ತಟ್ಟೆ ಇಡ್ಲಿ ತಂದು ಮುಂದಿಟ್ಟ.

ಅಂಗಡಿಯಲ್ಲಿ ಬೆಳ್ಳಪ್ಪ ಇನ್ನೂ ನಿಂತಿದ್ದ. “ತಮ್ಮ” ಅಂದ. “ಊರಲ್ಲಿ ನಿನ್ನ ಹೆಸ್ರು...”

ಬಾಲು ಯಾವುದೋ ಬೇರೆ ಲ್ಯಾಪ್‌ಟಾಪಿನ ಸ್ಕ್ರೂ ಬಿಚ್ಚತೊಡಗಿದ್ದ. ಬಿಚ್ಚುವ ಅಗತ್ಯವಿರಲಿಲ್ಲ. “ಹೋಗಿ ಬೆಳ್ಳಪ್ಪಣ್ಣ. ಒಬ್ರೇ ಕೂತಿದಾರೆ.”

ಬೆಳ್ಳಪ್ಪ ಹೋದ. ನಡುವಿನ ಗೋಡೆ ಹಲಗೆಯದ್ದು, ಆ ಕಡೆಯದ್ದೆಲ್ಲ ಈ ಕಡೆ ಕೇಳುತ್ತಿತ್ತು. ಅವಳು ಬಾಲುವಿನ ಕೈಯನ್ನು ಬಯ್ದಳು, ಅವನ ಕಣ್ಣನ್ನು ಬಯ್ದಳು, ಅವನಿಗೆ ಕೆಲಸ ಕಲಿಸಿದವನನ್ನು ಹುಡುಕಿ ಬಯ್ದಳು. ನಡುನಡುವೆ ದನಿ ನಿಲ್ಲುತ್ತಿತ್ತು, ಬಾಯಿ ತುಂಬಿದವರ ಹಾಗೆ. ಮತ್ತೆ ಶುರುವಾಗುತ್ತಿತ್ತು.

“ಎದ್ದಿತ್ತಂತೆ, ಕೇಳಿದ್ರಾ? ನಾ ಹಚ್ಚಿದ ಮಣ್ಣಿಂದ ಎಂತದೂ ಆಗಿರ್ಲಿಲ್ವಂತೆ. ಆ ಮುಂಡೇಗಂಡ ಸುಟ್ಟು ಹಾಕ್ದ. ಅವನ ಮನೆ ಹಾಳಾಗ... ಇಲ್ಲಿ ಒಂಚೂರು ಚಟ್ನಿ ಹಾಕಿ.”